ಕೀಲಿಕೈ

ಮಳಖೇಡ ಎಂದೊಡನೆ ಪುಸ್ತಕ ಓದಿದವರಿಗೆ ನೆನಪಾಗುವುದು ಒಂದು, ರೈಲಿನಲ್ಲಿ ಓಡಾಡುವವರಿಗೆ ನೆನಪಾಗುವುದು ಇನ್ನೊಂದು. ಮೊದಲನೆಯವರ ಪಾಲಿಗೆ ಅದು ಮಾನ್ಯಖೇಟ, ರಾಷ್ಟ್ರಕೂಟ ನೃಪತುಂಗನ ರಾಜಧಾನಿ. ಎರಡನೆಯವರ ಪಾಲಿಗೆ ಚಿತ್ತಾಪುರಕ್ಕೂ ಸೇಡಮಿಗೂ ನಡುವೆ ಸಿಕ್ಕುವ ಒಂದು ಸಣ್ಣ ನಿಲ್ದಾಣ, ದೂರದಲ್ಲಿ ಸಿಮೆಂಟು ಕಾರ್ಖಾನೆಯ ಚಿಮಣಿ. ಎರಡೂ ನಿಜವೇ. ಆದರೆ ಗತವೈಭವಕ್ಕೂ ಸಿಮೆಂಟಿಗೂ ನಡುವೆ ಮೂರನೆಯ ಮಳಖೇಡವೊಂದಿದೆ. ಅದರಲ್ಲಿ ಜನ ವಾಸವಾಗಿದ್ದಾರೆ. ಕಾಗಿಣಾ ನದಿ, ಕೋಟೆ, ನೇಮಿನಾಥ ಬಸದಿ, ಉತ್ತರಾದಿ ಮಠ, ದರ್ಗಾ ಎಲ್ಲವನ್ನೂ ನೋಡಿಕೊಂಡು ಹೋಗುವ ಪ್ರವಾಸಿಗರು ನೋಡದೆ ಹೋಗುವುದು ಇವರನ್ನು. ನಾನು ಹೇಳಹೊರಟಿರುವುದು ಇವರ ಮಕ್ಕಳ ವಿಷಯ.

ನಾನು ಈ ಸೀಮೆಯ ಕಾಲೇಜೊಂದರಲ್ಲಿ ಕನ್ನಡ ಅಧ್ಯಾಪಕ. ಹಾಗೆಂದಮೇಲೆ ವರ್ಷಕ್ಕೊಮ್ಮೆ ಕವಿರಾಜಮಾರ್ಗವನ್ನು ಹೇಳಿಕೊಡುವುದು ತಪ್ಪಿದ್ದಲ್ಲ. ನೃಪತುಂಗ ಪಟ್ಟದಲ್ಲಿದ್ದದ್ದು 814ರಿಂದ 878ರವರೆಗೆ. ಆತನ ಆಸ್ಥಾನದ ಶ್ರೀವಿಜಯ ಸುಮಾರು 850ರಲ್ಲಿ ರಚಿಸಿದ ಈ ಕೃತಿ ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲೆಲ್ಲ ಹಳೆಯದು. ಗೋದಾವರಿ ಕಾವೇರಿಗಳ ಸೀಮೆ ಹೇಳಿದ ಮೇಲೆ ಅದರಲ್ಲಿ ಜನರನ್ನು ಕುರಿತು ಒಂದು ಮಾತು ಬರುತ್ತದೆ. ಕುಳಿತು ಓದಿ ಕಲಿಯದವರೂ ಇಲ್ಲಿ ಕಾವ್ಯದ ಬಳಕೆಯಲ್ಲಿ ನುರಿತವರು ಎಂಬುದು ಅದರ ತಾತ್ಪರ್ಯ. ಅದರ ಬೆನ್ನಿಗೇ, ಚಿಕ್ಕ ಮಕ್ಕಳೂ ಮೂಗರೂ ಕೂಡ ವಿವೇಕವನ್ನು ತಿಳಿಸಬಲ್ಲರು ಎಂದೂ ಇದೆ. ಗ್ರಂಥದ ಮೊದಲಲ್ಲೇ ಊರಿಗೆ ಇಂಥ ಮರ್ಯಾದೆ ಸಲ್ಲಿಸಿದ ಪಂಡಿತರು ಎಷ್ಟು ಜನ ಸಿಕ್ಕಾರು? ನಮ್ಮ ವಿಶ್ವವಿದ್ಯಾಲಯಗಳು ಆ ಮಾತನ್ನು ಐದು ಅಂಕದ ಟಿಪ್ಪಣಿ ಮಾಡಿಬಿಟ್ಟಿವೆ.

ಆ ಐದು ಅಂಕದಲ್ಲಿ ಎರಡನ್ನೇ ಪಡೆದ ಹುಡುಗನೊಬ್ಬನಿದ್ದ. ತಂದೆ ಶಹಾಬಾದಿನ ಕಡೆ ಫರಸಿ ಕಲ್ಲಿನ ಖಣಿಯಲ್ಲಿ ದುಡಿದು ಕೆಮ್ಮು ಹಚ್ಚಿಕೊಂಡು ಮನೆ ಸೇರಿದವರು. ತಾಯಿ ತೊಗರಿ ಹೊಲಕ್ಕೆ ಕೂಲಿ ಹೋಗುವವರು. ಹುಡುಗ ಕೊನೆಯ ಬೆಂಚು ಬಿಟ್ಟು ಮುಂದೆ ಬಂದವನಲ್ಲ. ಒಂದು ಅಮಾವಾಸ್ಯೆಯ ರಾತ್ರಿ ಗುಡಿಯ ಕಟ್ಟೆಯ ಮೇಲೆ ಅವನು ಹಾಡುವುದನ್ನು ಕೇಳಿದೆ. ಸುತ್ತ ಮುದುಕರು, ಒಂದು ಹಾರ್ಮೋನಿಯಂ, ಏಕತಾರಿ, ತಾಳ. ಅವನು ಹಾಡುತ್ತಿದ್ದುದು ಕಡಕೋಳ ಮಡಿವಾಳಪ್ಪನವರ ಪದ. ಎಲ್ಲಿ ನಿಲ್ಲಬೇಕು, ಯಾವ ಮಾತನ್ನು ಎರಡು ಸಲ ಎತ್ತಿಕೊಳ್ಳಬೇಕು ಎಂಬುದನ್ನು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹಾಡು ಮುಗಿದ ಮೇಲೆ, “ಎಲ್ಲಿ ಕಲಿತೆಯಪ್ಪಾ?” ಎಂದು ಕೇಳಿದೆ. “ಕಲ್ತಿದ್ದು ಏನಿಲ್ರಿ ಸರ್. ನಮ್ಮ ಮುತ್ಯಾ ಹಾಡ್ತಿದ್ದ. ಕೇಳ್ತಾ ಕೇಳ್ತಾ ಬಂತ್ರಿ” ಎಂದ. ಶ್ರೀವಿಜಯನಿಗೆ ಬೇರೆ ಸಾಕ್ಷಿ ಬೇಕೆ?

ಈ ಭಜನಾ ಮೇಳಗಳನ್ನು ಕಾಣದ ಪಟ್ಟಣದ ಓದುಗರಿಗೆ ಅವು ಏನೆಂಬುದನ್ನು ಒಂದಿಷ್ಟು ಹೇಳಬೇಕು. ನಮ್ಮ ಕಡೆ ಹೆಚ್ಚು ಕಡಿಮೆ ಪ್ರತಿ ಊರಿನಲ್ಲೂ ಮೇಳವೊಂದಿರುತ್ತದೆ. ಅದಕ್ಕೆ ಕಚೇರಿಯಿಲ್ಲ, ಕಾರ್ಯದರ್ಶಿಯಿಲ್ಲ. ಹಗಲು ಗಳೆ ಹೊಡೆದವನು ರಾತ್ರಿ ತಂಬೂರಿ ಹಿಡಿಯುತ್ತಾನೆ. ಮಡಿವಾಳಪ್ಪನವರ ಪದದ ಹಿಂದೆಯೇ ಅವರ ಶಿಷ್ಯ ಚೆನ್ನೂರು ಜಲಾಲ ಸಾಹೇಬರ ಪದ ಬರುತ್ತದೆ. ಗುರು ಯಾವ ಜಾತಿ, ಶಿಷ್ಯ ಯಾವ ಮತ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಮೊಹರಂ ಬಂತೆಂದರೆ ಅದೇ ಹುಡುಗರು ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ರಿವಾಯತ್ ಪದ ಹೇಳುತ್ತಾರೆ. 1948ರ ಸೆಪ್ಟೆಂಬರಿನವರೆಗೆ ಇದು ನಿಜಾಮರ ಸೀಮೆ. ಕಚೇರಿಯ ಭಾಷೆ ಉರ್ದು. ಕನ್ನಡ ಶಾಲೆಗಳು ವಿರಳ. ಆ ಕಾಲದಲ್ಲಿ ಬಡವರ ಮಕ್ಕಳಿಗೆ ಕನ್ನಡದ ಪಾಠಶಾಲೆಯಾಗಿದ್ದದ್ದು ಭಜನೆಯ ಕಟ್ಟೆ, ಬಯಲಾಟದ ಅಟ್ಟ, ಹಂತಿಯ ಕಣ. ಇವಕ್ಕೆ ಹಾಜರಿ ಪುಸ್ತಕ ಮಾತ್ರ ಇರಲಿಲ್ಲ.

ಹಾಗಾದರೆ ಈಗ ಏನು ಕೊರತೆ ಎಂದು ನೀವು ಕೇಳಬಹುದು. ಕೊರತೆ ಹಾಡಿನದಲ್ಲ, ಜಾಗದ್ದು ಮತ್ತು ಹೊತ್ತಿನದು. ಹಂತಿ ಹೊಡೆಯುವುದು ನಿಂತಿತು, ಹಂತಿಯ ಪದವೂ ನಿಂತಿತು. ಮಳೆ ಕೈಕೊಟ್ಟ ವರ್ಷ ಹರೆಯದವರು ಪುಣೆ, ಮುಂಬೈ, ಹೈದರಾಬಾದುಗಳಿಗೆ ದುಡಿಯಲು ಹೊರಡುತ್ತಾರೆ. ಉಳಿದವರಿಗೆ ಕಲೆತು ಕೂಡಲು ಒಂದು ಹಜಾರವಿಲ್ಲ. ಒಂದೇ ಕೋಣೆಯ ಮನೆಯಲ್ಲಿ ಡೋಲಕ್ಕು ಬಾರಿಸಿದರೆ ಕೆಮ್ಮುವ ತಂದೆ ಎಲ್ಲಿ ಮಲಗಬೇಕು? ಊರಿನಲ್ಲಿ ಸಮುದಾಯ ಭವನವೇನೋ ಇದೆ, ಶಹಾಬಾದ್ ಕಲ್ಲು ಹಾಸಿದ ತಣ್ಣನೆಯ ನೆಲ. ಆದರೆ ಬಾಗಿಲಿಗೆ ಬೀಗ. ಏಕೆಂದು ವಿಚಾರಿಸಿದರೆ, “ಕೀಲಿ ಯಾರ ಬಲ್ಲಿ ಅದನೋ ಗೊತ್ತಿಲ್ರಿ” ಎಂಬ ಉತ್ತರ. ಕೀಲಿ ಯಾರ ಹತ್ತಿರವಿದೆಯೋ ತಿಳಿಯದು ಎಂದು ಇದರ ಅರ್ಥ. ಈ ಸೀಮೆಯ ಅರ್ಧ ಇತಿಹಾಸ ಆ ಒಂದು ವಾಕ್ಯದಲ್ಲಿದೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ನನ್ನ ಮಿತ್ರರೊಬ್ಬರು ಅರ್ಥಶಾಸ್ತ್ರದ ಅಧ್ಯಾಪಕರು. ಈ ಮಾತು ಎತ್ತಿದಾಗಲೆಲ್ಲ, “ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆಯೆ?” ಎಂದು ಗಾದೆ ಒಗೆಯುತ್ತಾರೆ. ಹುಡುಗರಿಗೆ ಬೇಕಾದದ್ದು ನೌಕರಿ, ಹಾಡಲ್ಲ ಎಂಬುದು ಅವರ ವಾದ. ನೌಕರಿ ಬೇಡವೆಂದು ನಾನೂ ಹೇಳುವುದಿಲ್ಲ. ಆದರೆ ಹಾಡನ್ನು ಅವರು ಮಲ್ಲಿಗೆಯ ಲೆಕ್ಕಕ್ಕೆ ಹಿಡಿದದ್ದು ನನಗೆ ಒಪ್ಪಿಗೆಯಿಲ್ಲ. ತತ್ವಪದಗಳನ್ನು ಊರೂರಿಗೆ ಮುಟ್ಟಿಸಿ ಉಳಿಸಿಕೊಂಡವರು ಹೊಟ್ಟೆ ತುಂಬಿದವರೇನಲ್ಲ. ಹತ್ತು ಜನರ ಎದುರು ಬಾಯಿ ಬಿಡಲು ಕಲಿತವನು ನಾಳೆ ಕಚೇರಿಯ ಕಿಟಕಿಯ ಮುಂದೆ ನಿಂತಾಗಲೂ ಬಾಯಿ ಬಿಟ್ಟಾನು. ಇದು ಸಣ್ಣ ಗಳಿಕೆಯಲ್ಲ.

ಇದು ಬರಿಯ ಆಸೆಯ ಮಾತಲ್ಲವೆನ್ನಲು ನಮ್ಮ ನಾಡಿನಲ್ಲೇ ನಿದರ್ಶನವಿದೆ; ಅದಕ್ಕಾಗಿ ಮಲೆನಾಡಿನ ಕಡೆ ಹೋಗಬೇಕು. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ಸಂಸ್ಥೆಯ ಹೆಸರು ಓದುಗರಿಗೆ ಹೊಸದಲ್ಲ. ಅದನ್ನು ಬೆಳೆಸಿ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಕೆ. ವಿ. ಸುಬ್ಬಣ್ಣನವರೇ ‘ಕವಿರಾಜಮಾರ್ಗ ಮತ್ತು ಕನ್ನಡ ಜಗತ್ತು’ ಎಂಬ ಪುಸ್ತಕ ಬರೆದವರೆಂಬುದು ನನಗೆ ಆಕಸ್ಮಿಕವೆನಿಸುವುದಿಲ್ಲ. 1980ರ ದಶಕದಲ್ಲಿ ಈ ಸಂಸ್ಥೆಯವರು ಉತ್ತರ ಕನ್ನಡದ ಮಂಚಿಕೇರಿಗೆ ಹೋಗಿ, ಆಫ್ರಿಕದಿಂದ ಬಂದವರ ಸಂತತಿಯಾದ ಸಿದ್ದಿಯರೊಡನೆ ರಂಗಶಿಬಿರ ನಡೆಸಿದರು. ಕಾಡಿನಂಚಿನಲ್ಲಿ ಕೂಲಿ ಮಾಡಿಕೊಂಡಿದ್ದ ಜನ. ಅವರು ಆಡಿದ್ದು ನೈಜೀರಿಯದ ಚಿನುವ ಅಚಿಬೆಯ ಕಾದಂಬರಿಯನ್ನು ಆಧರಿಸಿದ ‘ಕಪ್ಪು ಜನ ಕೆಂಪು ನೆರಳು’. ಆಡಿಸಿದವರು ಚಿದಂಬರರಾವ್ ಜಂಬೆ. ಸಿದ್ದಿಯರ ಹಾಡು ಕುಣಿತ ಮೊದಲಿನಿಂದಲೂ ಅವರದೇ; ಶಿಬಿರ ಅದಕ್ಕೆ ಒಂದು ರಂಗವನ್ನೂ ನೋಡುವ ಕಣ್ಣುಗಳನ್ನೂ ಒದಗಿಸಿತು. ಮುಂದೆ ಆ ಸಮುದಾಯದಿಂದ ಗಿರಿಜಾ ಸಿದ್ದಿ, ಪ್ರಶಾಂತ್ ಸಿದ್ದಿ ಮೊದಲಾದವರು ನೀನಾಸಮ್‌ನಲ್ಲಿ ಕಲಿತು ರಂಗಭೂಮಿಗೂ ಚಲನಚಿತ್ರಕ್ಕೂ ಬಂದರು.

ದೂರದ ವೆನಿಜುವೆಲಾದಲ್ಲಿ 1975ರಲ್ಲಿ ಹೊಸೆ ಆಂಟೋನಿಯೊ ಅಬ್ರೆಯು ಎಂಬವರು ಬೆರಳೆಣಿಕೆಯ ಹುಡುಗರನ್ನು ಕೂಡಿಸಿಕೊಂಡು ಆರಂಭಿಸಿದ ವಾದ್ಯವೃಂದ ಲಕ್ಷಗಟ್ಟಲೆ ಮಕ್ಕಳಿಗೆ ಹಬ್ಬಿತು. ಅಬ್ರೆಯು ಅರ್ಥಶಾಸ್ತ್ರ ಓದಿದವರು ಎಂದು ತಿಳಿಸಿದಾಗ ನನ್ನ ಮಿತ್ರರು ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ಈ ಎರಡರಲ್ಲೂ ನನಗೆ ಮುಖ್ಯವಾಗಿ ಕಾಣುವುದು ಒಂದೇ: ಅವು ಒಂದು ದಿನದ ಜಾತ್ರೆಯಲ್ಲ. ನಮ್ಮಲ್ಲಿ ಹುಡುಗರ ಕಲೆಗೆ ಪ್ರೋತ್ಸಾಹವೆಂದರೆ ಶಾಮಿಯಾನ, ಧ್ವನಿವರ್ಧಕ, ಹಾರ, ಪ್ರಮಾಣಪತ್ರ. ಭಾಷಣಗಳೆಲ್ಲ ಮುಗಿದ ಮೇಲೆ ಹುಡುಗರಿಗೆ ಉಳಿಯುವುದು ಹತ್ತು ನಿಮಿಷ. ಮರುದಿನ ಶಾಮಿಯಾನ ಬಿಚ್ಚುತ್ತಾರೆ. ಹುಡುಗ ಎಲ್ಲಿದ್ದನೋ ಅಲ್ಲಿಯೇ. ಆ ಖರ್ಚಿನಲ್ಲಿ ಒಂದು ಹಾರ್ಮೋನಿಯಂ ಕೊಂಡು, ಊರ ಮುದುಕರೊಬ್ಬರಿಗೆ ವರ್ಷವಿಡೀ ಗೌರವಧನ ಕೊಟ್ಟರೆ ಆಗುವ ಕೆಲಸವೇ ಬೇರೆ.

ನಮ್ಮ ಹುಡುಗರು ಶಾಮಿಯಾನ ಕೇಳಲಿಲ್ಲ, ಕೀಲಿ ಕೇಳಿದರು. ನಿವೃತ್ತ ಶಾಲಾ ಮಾಸ್ತರರೊಬ್ಬರನ್ನು ಮುಂದಿಟ್ಟುಕೊಂಡು ನಾಲ್ಕು ತಿಂಗಳು ಅಲೆದು, ವಾರಕ್ಕೆ ಮೂರು ಸಂಜೆ ಭವನದ ಬಾಗಿಲು ತೆರೆಯುವ ಅನುಮತಿ ತಂದರು. ಅಲ್ಲಿಂದ ಮುಂದೆ ಆದದ್ದನ್ನು ನಾನು ಎಣಿಸಿರಲಿಲ್ಲ. ಸಂಜೆ ಐದರ ಹೊತ್ತಿಗೆ ಹೆಣ್ಣುಮಕ್ಕಳು ಬಂದರು. ಅಮಾವಾಸ್ಯೆಯ ಭಜನೆ ನಡೆಯುವುದು ಸರಿರಾತ್ರಿಯಲ್ಲಿ. ಹುಡುಗಿಯರು ಅದನ್ನು ಬಾಗಿಲ ಒಳಗಿನಿಂದ ಕೇಳಿದ್ದರೇ ಹೊರತು ಹೊರಗೆ ಬಂದು ಹಾಡಿದವರಲ್ಲ. ಆದರೆ ಪದಗಳೆಲ್ಲ ಅವರಿಗೆ ಬಾಯಿಪಾಠವಾಗಿದ್ದವು! ತಾಂಡಾದಿಂದ ಬಂದವಳೊಬ್ಬಳು ತಮ್ಮ ಲಂಬಾಣಿ ಹಾಡನ್ನೂ ಹೇಳಿಕೊಟ್ಟಳು. ಗುಡಿಯ ಕಟ್ಟೆಯ ಮೇಲೆ ಯಾರು ಎಲ್ಲಿ ಕೂಡಬೇಕೆಂಬುದಕ್ಕೆ ಊರಿನದೊಂದು ಹಳೆಯ ಕಟ್ಟು ಇತ್ತು. ಭವನದ ನೆಲಕ್ಕೆ ಅಂಥ ನೆನಪುಗಳಿರಲಿಲ್ಲ. ಮೊದಲ ಬಂದವರು ಮುಂದೆ ಕುಳಿತರು. ಪರಂಪರೆಯನ್ನು ಹೊಗಳುವ ನನ್ನಂಥವರು ಇದನ್ನೂ ನೆನಪಿಡಬೇಕು: ಹಳೆಯ ಹಾಡಿಗೆ ಹೊಸ ಅಂಗಳ ಬೇಕಾಗುತ್ತದೆ.

ಎರಡು ಅಂಕದ ಆ ಹುಡುಗನೇನು ಗಾಯಕನಾಗಲಿಲ್ಲ. ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾನೆ. ಅಲ್ಲಿನ ಶೆಡ್ಡುಗಳಲ್ಲಿ ನಮ್ಮ ಜಿಲ್ಲೆಯವರು ಬೇಕಾದಷ್ಟು ಜನರಿದ್ದಾರೆ. ಅಮಾವಾಸ್ಯೆಗೆ ಎಲ್ಲರನ್ನೂ ಕೂಡಿಸುತ್ತಾನಂತೆ. ಕಲೆಯಿಂದ ಅವನ ಕೂಲಿ ಒಂದು ರೂಪಾಯಿಯೂ ಹೆಚ್ಚಿಲ್ಲವೆಂದು ನನ್ನ ಮಿತ್ರರು ಈಗಲೂ ಲೆಕ್ಕ ತೋರಿಸುತ್ತಾರೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಕೂಲಿಯವರ ಶೆಡ್ಡಿನಲ್ಲಿ ಅವನನ್ನು ಹೆಸರು ಹಿಡಿದು, “ಒಂದು ಪದ ಹೇಳೋ ತಮ್ಮಾ” ಎಂದು ಕರೆಯುವವರಿದ್ದಾರೆ.

972ರಲ್ಲಿ ಪರಮಾರ ಸೀಯಕ ಮಾನ್ಯಖೇಟವನ್ನು ಸೂರೆ ಮಾಡಿದ. ಮರುವರ್ಷ ರಾಷ್ಟ್ರಕೂಟರ ರಾಜ್ಯವೇ ಚಾಲುಕ್ಯ ತೈಲಪನ ಪಾಲಾಯಿತು. ಅರಮನೆ ಎಲ್ಲಿತ್ತೆಂದು ಇಂದು ಬೆರಳಿಟ್ಟು ತೋರಿಸುವುದು ಕಷ್ಟ. ಆದರೆ ಓದದವರ ಜಾಣತನವನ್ನು ಕುರಿತು ಆ ಆಸ್ಥಾನದಲ್ಲಿ ಹೇಳಿದ ಮಾತು, ಸಾವಿರ ವರ್ಷಕ್ಕೆ ಮೀರಿ ಇನ್ನೂ ಸುಳ್ಳಾಗಿಲ್ಲ. ಅದನ್ನು ಸುಳ್ಳು ಮಾಡದೆ ಉಳಿಸಿಕೊಳ್ಳಲು ದೊಡ್ಡ ಯೋಜನೆಗಳು ಬಂದರೆ ಬರಲಿ. ಅಲ್ಲಿಯವರೆಗೆ ವಾರಕ್ಕೆ ಮೂರು ಸಂಜೆ ಬಾಗಿಲು ತೆರೆದಿರಲಿ.