ಮಾವಿನ ನಾಡಿನ ಕೆಂದಲೆ ಗಿಳಿ

ಕೋಲಾರದಿಂದ ಶ್ರೀನಿವಾಸಪುರದ ಕಡೆಗೆ ಹೊರಟ ಪ್ರಯಾಣಿಕನನ್ನು ದಾರಿಯ ಇಕ್ಕೆಲದ ಮಾವಿನ ತೋಪುಗಳು ಎದುರುಗೊಳ್ಳುತ್ತವೆ. ಬೆಳಗಿನ ಹೊತ್ತು ಬಸ್ಸು ಒಂದು ಗಳಿಗೆ ನಿಂತಿತೆಂದರೆ, ತೋಪಿನೊಳಗಿನಿಂದ 'ತೂಯಿ? ತೂಯಿ?' ಎಂದು ಯಾರೋ ಮೆಲ್ಲನೆ ಪ್ರಶ್ನಿಸಿದಂತೆ ಇಂಪಾದ ದನಿ ಕೇಳಿಬರುವುದುಂಟು. ಮರುಕ್ಷಣವೇ ಐದಾರು ಹಸುರು ಹಕ್ಕಿಗಳು ಕೊಂಬೆಗಳ ನಡುವೆ ಹೊರಳಿ ನುಸುಳಿ ಬಾಣದಂತೆ ಮಾಯವಾಗುತ್ತವೆ. ಹಿಂದೆ ಗಿಣಿಶಾಸ್ತ್ರದವರ ಪಂಜರದಲ್ಲಿ ವಾಚಕರು ಕಂಡಿರಬಹುದಾದ ಕೊರಳಪಟ್ಟಿಯ ಗಿಳಿ ಇದಲ್ಲ; ಅದರ ಕಿರಿಯ ದಾಯಾದಿ, ಕೆಂದಲೆ ಗಿಳಿ. ಮುಳಬಾಗಿಲು, ಶ್ರೀನಿವಾಸಪುರಗಳ ಎರಡು ನುಡಿಯ ಮನೆಗಳಲ್ಲಿ ದೊಡ್ಡದಕ್ಕೂ ಚಿಕ್ಕದಕ್ಕೂ 'ಚಿಲುಕ' ಎಂಬುದೊಂದೇ ಹೆಸರು.

ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 33 ಸೆಂಟಿಮೀಟರು. ಅದರಲ್ಲಿ ಬಹುಪಾಲು ಬಾಲವೇ. ಗಂಡಿನ ತಲೆ ಕೆಂಪು; ಹಿಂದಕ್ಕೆ ಸರಿದಂತೆ ಮಾಗಿದ ನೇರಳೆಯ ಛಾಯೆ. ಕೊರಳಿಗೆ ಕರಿಯ ಪಟ್ಟಿ, ಹೆಗಲಲ್ಲಿ ಕೆಂಪು ಮಚ್ಚೆ, ನೀಲಿ ಬಾಲಕ್ಕೆ ಬಿಳಿಯ ತುದಿ. ಹೆಣ್ಣಿನ ತಲೆ ಬೂದುನೀಲಿ, ಕೊರಳು ಹಳದಿ. 1766ರಲ್ಲಿ ಲಿನೇಯಸ್ ಪಂಡಿತನು ಇದಕ್ಕಿತ್ತ ಶಾಸ್ತ್ರೀಯ ನಾಮದ ಅರ್ಥ 'ನೀಲಿ ತಲೆಯದು' ಎಂದು! ಕನ್ನಡವು ಗಂಡನ್ನು ನೋಡಿ ಹೆಸರಿಟ್ಟರೆ, ಲ್ಯಾಟಿನ್ ಹೆಣ್ಣಿನ ಪಕ್ಷ ವಹಿಸಿದಂತಿದೆ. ಮರಿಗಳ ತಲೆಯಾದರೋ ಹಸುರು.

ಕಾಡಿನ ಅಂಚು, ಬೆಟ್ಟದ ತಪ್ಪಲು, ತೋಪು ಇವುಗಳ ನೆಲೆ. ಕಾಳು, ಹಣ್ಣು, ಮುತ್ತುಗದ ಹೂವಿನ ಎಸಳು, ಮಕರಂದ—ಎಲ್ಲವೂ ಆಹಾರವೇ. ಹಣ್ಣು ಹೂಗಳು ಎತ್ತಲೋ ಗುಂಪೂ ಅತ್ತಲೇ. ತೆನೆ ಬಲಿತ ಹೊಲಕ್ಕೆ ಇಳಿದರೆ ತಿನ್ನುವುದಕ್ಕಿಂತ ಚೆಲ್ಲುವುದೇ ಹೆಚ್ಚು. ಕವಣೆ ಹಿಡಿದ ಕಾವಲುಗಾರನ ಸಿಟ್ಟು ಅಕಾರಣವಲ್ಲ.

ಆದರೆ ಹಕ್ಕಿಗೆ ಕವಣೆಗಿಂತ ದೊಡ್ಡ ಕಷ್ಟ ಮನೆಯದು. ಡಿಸೆಂಬರಿನಿಂದ ಏಪ್ರಿಲಿನವರೆಗೆ ಇದು ಮರದ ಪೊಟರೆಯಲ್ಲಿ ನಾಲ್ಕರಿಂದ ಆರು ಮೊಟ್ಟೆಗಳನ್ನಿಡುತ್ತದೆ. ಪೊಟರೆಯಾಗಬೇಕಾದರೆ ಮರಕ್ಕೆ ಮುಪ್ಪು ಬರಬೇಕು. ಮಾಲೂರು, ಕೋಲಾರಗಳ ಬಯಲಿನಲ್ಲಿ ದಶಕಗಳ ಕಾಲ ಹಬ್ಬಿದ ನೀಲಗಿರಿಯೋ ಕೆಲವೇ ವರ್ಷಗಳಿಗೊಮ್ಮೆ ಕೊಡಲಿಗೆ ಬೀಳುವ ಮರ. ಅದರಲ್ಲಿ ಪೊಟರೆಯೆಲ್ಲಿಂದ ಬಂದೀತು? 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು ಅಂತರ್ಜಲದ ಚಿಂತೆಯಿಂದ, ಗಿಳಿಯ ಮೇಲಿನ ಕರುಣೆಯಿಂದಲ್ಲ. 1972ರ ವನ್ಯಜೀವಿ ಕಾಯಿದೆ ಗಿಳಿಯನ್ನು ಹಿಡಿಯಬಾರದೆನ್ನುತ್ತದೆ. ಆದರೆ ಫಲ ನಿಂತ ಮುದಿಮಾವನ್ನು ಸೌದೆಗೆ ಮಾರುವುದೋ ಉಳಿಸುವುದೋ ಎಂಬುದು ತೋಪಿನ ಒಡೆಯನ ಲೆಕ್ಕಾಚಾರ. ಉಳಿಸಿದಲ್ಲಿ, ಮಾವು ಹೂಬಿಡುವ ದಿನಗಳಲ್ಲಿ ಅದೇ ಪೊಟರೆಯ ಬಾಯಿಂದ ನೀಲಿ ತಲೆಯೊಂದು ಇಣುಕುತ್ತದೆ. ಮೇಲಿನ ಕೊಂಬೆಯಲ್ಲಿ ಕೆಂದಲೆಯವನು ಕಾದು ಕುಳಿತಿರುತ್ತಾನೆ.