ಕೊಡೆಗೆ ಎಷ್ಟು ಕಡ್ಡಿ?

ಮಳೆಗಾಲ ಹತ್ತಿರವಾದಂತೆ ಮುಂಬಯಿಯ ಉಪನಗರಗಳಲ್ಲಿ ರೈಲು ನಿಲ್ದಾಣಗಳ ಹೊರಗೆ ಛತ್ರಿ ರಿಪೇರಿಯವರು ಬಂದು ಕೂರುತ್ತಾರೆ. ನಮ್ಮ ಮಗಳು ಡೊಂಬಿವಲಿಯಲ್ಲಿ ಶಿಶುವರ್ಗದಲ್ಲಿದ್ದ ವರ್ಷ, ಅಂಥ ಒಬ್ಬರ ಮುಂದೆ ಅವಳ ತರಗತಿಯ ಮಕ್ಕಳೆಲ್ಲ ನಿಂತುಬಿಟ್ಟರಂತೆ. ಕೊಡೆಗೆ ಎಷ್ಟು ಕಡ್ಡಿ ಎಂದು ಒಂದು ಮಗು ಕೇಳಿತು. ಶಿಕ್ಷಕಿ ಉತ್ತರ ಹೇಳಲಿಲ್ಲ. ಆ ಪ್ರಶ್ನೆಯನ್ನೇ ಮೂರು ವಾರಗಳ ಪಾಠವಾಗಿಸಿದರು.

ನಮಗೆ ಇದು ಸರಿಬೀಳಲಿಲ್ಲ. 'ಅಕ್ಷರ ಕಲಿಸುವುದು ಯಾವಾಗ?' ಎಂದು ಡೈರಿಯಲ್ಲಿ ಬರೆದು ಕಳುಹಿಸಿದೆವು. ಶನಿವಾರ ಬಂದು ನೋಡಿ ಎಂಬ ಉತ್ತರ ಬಂತು.

ಹೋದೆವು. ಗೋಡೆಯ ಮೇಲೆ ಮಕ್ಕಳು ಬಿಡಿಸಿದ ಎಂಟು ಕಡ್ಡಿಯ ಕೊಡೆಗಳು. ಮೇಜಿನ ಮೇಲೆ ನೀರು ಹನಿಸಿ ನೋಡಿದ ಹತ್ತಿಬಟ್ಟೆ, ಪ್ಲಾಸ್ಟಿಕ್, ವೃತ್ತಪತ್ರಿಕೆಯ ಚೂರುಗಳು. ಮೂಲೆಯಲ್ಲಿ ಬಿದಿರುಕಡ್ಡಿಗೆ ಬಾದಾಮಿ ಮರದ ಎಲೆಗಳನ್ನು ಕಟ್ಟಿದ ಒಂದು ವಿಚಿತ್ರ ವಸ್ತು. ಮಗಳು ಹೆಮ್ಮೆಯಿಂದ, "ಗೊರಬು" ಎಂದಳು.

ಆ ಶಬ್ದ ನಮ್ಮ ಬಾಯಿಂದ ಬಂದದ್ದಲ್ಲ. ಶಾಲೆಯ ಭಾಷೆ ಗಟ್ಟಿಯಾಗಲಿ ಎಂದು ಮನೆಯಲ್ಲಿ ಕನ್ನಡವನ್ನು ನಾವೇ ಕಡಿಮೆ ಮಾಡಿದ್ದೆವು. ತೀರ್ಥಹಳ್ಳಿಯ ಅಜ್ಜಿಯನ್ನು ಫೋನಿನಲ್ಲಿ, "ಕೊಡೆ ಇಲ್ಲದಾಗ ಏನು ಮಾಡ್ತಿದ್ರಿ?" ಎಂದು ಅವಳೇ ಕೇಳಿದ್ದಳು. ನಾಟಿಯ ಗದ್ದೆಯಲ್ಲಿ ಬಗ್ಗಿದ ಬೆನ್ನು ನೆನೆಯದಂತೆ ಕಾಯುವ ಗೊರಬು ಹೀಗೆ ಡೊಂಬಿವಲಿಗೆ ಬಂದಿತ್ತು. ಅದನ್ನು ಕಂಡೊಡನೆ ರತ್ನಾಗಿರಿ ಕಡೆಯ ಆಯಾ, "ನಮ್ಮಲ್ಲಿ ಇದು ಇರ್ಲೆ" ಎಂದರಂತೆ. ಮಕ್ಕಳು ಮಾಡಿದ ಮೊದಲ ಗೊರಬು ಸೋರಿತು. ಎದುರಿನ ಮನೆಯ ಹೆಂಚುಗಳು ಒಂದರ ಮೇಲೊಂದು ಕೂತಿರುವುದನ್ನು ಒಂದು ಮಗು ಗಮನಿಸಿದ ಮೇಲೆ ಎಲೆಗಳನ್ನೂ ಹಾಗೆಯೇ ಕಟ್ಟಿದರು. ಎರಡನೆಯದು ಅಷ್ಟಾಗಿ ಸೋರಲಿಲ್ಲ.

ಇದನ್ನು ಹೊರದೇಶದ ಹೊಸ ಪದ್ಧತಿಯೆಂದು ನಾವು ಭಾವಿಸಿದ್ದೆವು. ಆದರೆ ಮುಂಬಯಿಯಲ್ಲೇ ಹುಟ್ಟಿದ ತಾರಾಬಾಯಿ ಮೋಡಕ್ ಅವರು 1945ರಲ್ಲಿ, ಇಲ್ಲಿಂದ ಉತ್ತರಕ್ಕಿರುವ ಬೋರ್ಡಿಯಲ್ಲಿ, ಅನುತಾಯಿ ವಾಘ್ ಅವರೊಡನೆ ಹಳ್ಳಿಯ ಮಕ್ಕಳಿಗಾಗಿ ಬಾಲವಾಡಿ ತೆರೆದಿದ್ದರು. ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯೇ ಅವರ ಅಂಗಳಕ್ಕೆ ಹೋಯಿತು. ದುಬಾರಿ ಮಾಂಟೆಸ್ಸೊರಿ ಉಪಕರಣಗಳ ಬದಲು ಕಲ್ಲು, ಚಿಪ್ಪು, ಬೀಜ, ಎಲೆಗಳೇ ಪಾಠದ ಸಾಮಗ್ರಿಗಳಾದವು. 1957ರಲ್ಲಿ ಆ ಕೆಲಸ ಕೋಸಬಾಡದ ಆದಿವಾಸಿ ಮಕ್ಕಳ ನಡುವೆ ಮುಂದುವರಿಯಿತು. ದನ ಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ ಶಾಲೆ ನಡೆಯಿತು. ಮಗುವಿನ ಬದುಕು ಎಲ್ಲಿದೆಯೋ ಪಾಠ ಅಲ್ಲಿಂದಲೇ ಹೊರಡಬೇಕೆಂಬುದನ್ನು ಅವರು ಮಾಡಿ ತೋರಿಸಿದ್ದರು.

ನಮ್ಮ ಮಗುವಿನ ಬದುಕಿನ ಒಂದು ಭಾಗ ಕನ್ನಡದಲ್ಲಿತ್ತು. ಅದನ್ನು ಬಾಗಿಲಾಚೆ ನಿಲ್ಲಿಸಿದವರು ನಾವು, ಶಾಲೆಯಲ್ಲ. ಪ್ರಶ್ನೆ ಮಗುವಿನದಾಗಿರಬೇಕೆಂದು ಶಿಕ್ಷಕಿ ಕಾದು ಕುಳಿತಿದ್ದರೆ, ಆ ಪ್ರಶ್ನೆ ಮೊಳೆಯುವ ಮಾತನ್ನೇ ನಾವು ಚಿವುಟುತ್ತಿದ್ದೆವು.

ಅಂದಿನಿಂದ ರಾತ್ರಿಯ ಊಟಕ್ಕೆ ಕನ್ನಡವೇ ಎಂದು ನಿಶ್ಚಯಿಸಿದೆವು. ಮೊದಲ ರಾತ್ರಿಯೇ ಮಗಳು, "ಗೊರಬು ಹಾಕ್ಕೊಂಡ್ರೆ ಲೋಕಲ್ ರೈಲು ಹತ್ತೋದು ಹೇಗೆ?" ಎಂದು ಕೇಳಿದಳು. ನಾವು ಉತ್ತರ ಹೇಳಲಿಲ್ಲ. ನೀನೇನಂತೀ ಎಂದು ಅವಳನ್ನೇ ಕೇಳಿದೆವು.