ಅತಿಥಿಗೂ ತಿಥಿ

'ಅತಿಥಿ' ಎಂಬ ಶಬ್ದಕ್ಕೆ ಹಿರಿಯರು ಹೇಳುತ್ತ ಬಂದ ಅರ್ಥವೊಂದುಂಟು: ಬರುವುದಕ್ಕೂ ಹೋಗುವುದಕ್ಕೂ ಗೊತ್ತಾದ ತಿಥಿಯಿಲ್ಲದವನು. ಸಂಚಾರಾರ್ಥದ 'ಅತ್' ಧಾತುವಿನಿಂದ, ಸದಾ ನಡೆಯುತ್ತಿರುವವನು ಎಂದು ಸಾಧಿಸುವ ವೈಯಾಕರಣರೂ ಉಂಟು. ಇಂದಿನ ದೀರ್ಘಪ್ರವಾಸಿಯ ಪಾಲಿಗೆ ಈ ಎರಡು ಅರ್ಥಗಳಿಗೂ ವಿರಸ ಬಂದಿದೆ. ಸದಾ ನಡೆಯುತ್ತಿರಬೇಕಾದರೆ ಅವನು ತಿಥಿಗಳನ್ನು ಬೆರಳೆಣಿಸಬೇಕು.

ಯೂರೋಪಿನ ಷೆಂಗೆನ್ ಕೂಟದ 29 ದೇಶಗಳನ್ನು ನೋಡಬಹುದು. ಅವುಗಳೊಳಗಿನ ಗಡಿಗಳು ಬಹುಮಟ್ಟಿಗೆ ತೆರೆದಿವೆ. ಆದರೆ ಹೊರಗಿನಿಂದ ಬಂದ ಪ್ರವಾಸಿಗೆ ಯಾವುದೇ 180 ದಿನಗಳಲ್ಲಿ 90 ದಿನಗಳ ವಾಸವಷ್ಟೇ ಸಲ್ಲುತ್ತದೆ. ಗಡಿದಾಟಿ ಒಂದು ರಾತ್ರಿ ಸರ್ಬಿಯದಲ್ಲಿ ಕಳೆದು ಮರಳಿದರೆ ಲೆಕ್ಕ ಹೊಸದಾಗದು. ಪ್ರತಿದಿನವೂ ಹಿಂದಿನ 180 ದಿನಗಳನ್ನು ಎಣಿಸಲಾಗುತ್ತದೆ. ವಾಸದ ಗಡುವು ಬೆಳೆಯಬೇಕಾದರೆ ಅನಿವಾರ್ಯವಾದ ಅಡ್ಡಿಯೋ ಮಾನವೀಯವಾದ ಕಾರಣವೋ ಗಂಭೀರವಾದ ಸ್ವಂತ ಕಾರಣವೋ ಇರಬೇಕು. ಊರು ಹಿಡಿಸಿತೆಂಬುದು ಕಾರಣವಲ್ಲ. ನೇಪಾಳದಲ್ಲಿ ಭಾರತೀಯರಿಗೆ ವೀಸಾ ಬೇಡ. ಅನ್ಯದೇಶೀಯ ಪ್ರವಾಸಿಗಾದರೋ, ಎಷ್ಟು ಸಲ ಶುಲ್ಕ ತೆತ್ತು ಗಡುವನ್ನು ಮುಂದುವರಿಸಿಕೊಂಡರೂ, ಜನವರಿಯಿಂದ ಡಿಸೆಂಬರಿನೊಳಗೆ 150 ದಿನಗಳೇ ಮಿತಿ.

ಇದೆಲ್ಲ ಈ ಕಾಲದ ಕಾಗದದ ಕಾಟವೆಂದು ಬಗೆಯಬಾರದು. ಚೀನಾದ ಹ್ಯೂಯೆನ್ ತ್ಸಾಂಗ್ 629ರ ಸುಮಾರಿಗೆ ಭಾರತಕ್ಕೆ ಹೊರಟಾಗ ಅವನ ಬಳಿ ರಹದಾರಿಯಿರಲಿಲ್ಲ. ಪಶ್ಚಿಮದ ಗಡಿಯನ್ನು ದಾಟಬಾರದೆಂದು ರಾಜಾಜ್ಞೆಯಿತ್ತು. ಬೇಡಿಕೆಗೆ ಒಪ್ಪಿಗೆ ದೊರೆಯಲಿಲ್ಲ. ಹಗಲು ಅವಿತು ಇರುಳು ನಡೆದ ಆ ಭಿಕ್ಷುವನ್ನು ಗಡಿನಾಡಿನ ಅಧಿಕಾರಿಯೊಬ್ಬನು ಗುರುತಿಸಿದನು. ಭಿಕ್ಷು ನಿಜವನ್ನು ನುಡಿದಾಗ, ಸೆರೆಹಿಡಿಯುವ ಆಜ್ಞಾಪತ್ರವನ್ನು ಅವನೆದುರಿಗೇ ಹರಿದುಹಾಕಿ, ಬೇಗನೆ ಹೊರಡೆಂದನು. ಮುಂದೆ ಕಾವಲುಗೋಪುರದಿಂದ ಬಾಣಗಳು ಬಂದವು; ಬಾಣ ಬಂದ ಗೋಪುರದಲ್ಲಿಯೇ ನೀರೂ ದೊರೆಯಿತು.

ಗಡಿಯ ತಡೆಗಿಂತ ಬಿಗಿಯಾದದ್ದು ಪ್ರೀತಿಯ ತಡೆ. ತುರ್ಫಾನದ ಬಳಿಯ ಗಾವ್‌ಚಾಂಗ್ ರಾಜ್ಯದ ಅರಸನು ಅವನನ್ನು ಗುರುವಾಗಿ ಉಳಿಸಿಕೊಳ್ಳಲು ಹಟತೊಟ್ಟನು. ಅತಿಥಿಯು ಅನ್ನೋದಕಗಳನ್ನು ಬಿಟ್ಟು ಕುಳಿತನು. ನಾಲ್ಕನೆಯ ದಿನಕ್ಕೆ ಅರಸನ ಮನಸ್ಸು ಕರಗಿತು. ಮರಳುವಾಗ 3 ವರ್ಷ ತನ್ನಲ್ಲಿ ನಿಲ್ಲಬೇಕೆಂದು ಮಾತು ಪಡೆದು, ದಾರಿಯ 24 ರಾಜ್ಯಗಳಿಗೆ ಒಂದೊಂದು ಪತ್ರವನ್ನು ಪಟ್ಟೆಯ ಕಾಣಿಕೆಯೊಡನೆ ಬರೆಸಿಕೊಟ್ಟನು. ಅಂದಿನ ವೀಸಾ ಎಂದರೆ ಅದೇ.

ಆ ಬಲದಿಂದ ಬಂದವನು ನಾಲಂದೆಯಲ್ಲಿ ವರ್ಷಗಟ್ಟಲೆ ಓದಿದನು. ನಮ್ಮ ಚಾಲುಕ್ಯ ಪುಲಕೇಶಿಯ ನಾಡನ್ನೂ ಕಂಡು, ಹರ್ಷನಿಗೆ ಮಣಿಯದ ಅರಸನೆಂದು ಅವನನ್ನು ಬಣ್ಣಿಸಿದನು. ಮರಳುವಾಗ ಸಮುದ್ರಮಾರ್ಗವೂ ಇದೆಯೆಂದು ಹರ್ಷನು ಸೂಚಿಸಿದನು. ಗಾವ್‌ಚಾಂಗಿನ ಅರಸನಿಗೆ ಕೊಟ್ಟ ಮಾತು ಉಂಟೆಂದು ಭಿಕ್ಷುವು ಭೂಮಾರ್ಗವನ್ನೇ ಹಿಡಿದನೆಂದು ಅವನ ಚರಿತ್ರೆ ಹೇಳುತ್ತದೆ.

ಆದರೆ 640ರಲ್ಲಿ ಚೀನಾದ ಸೇನೆ ಗಾವ್‌ಚಾಂಗನ್ನು ಗೆದ್ದಿತ್ತು, ಅರಸನು ತೀರಿಕೊಂಡಿದ್ದನು. ಹಿಂದೆ ದಾಟಿದ ಗಡಿಯೇ ಅಳಿಸಿಹೋಗಿತ್ತು. ಉಳಿಯಬೇಕಾಗಿದ್ದ ಮೂರು ವರ್ಷಗಳನ್ನು ಸಲ್ಲಿಸಲು ಸ್ಥಳವಿರಲಿಲ್ಲ, ಕೇಳುವವನೂ ಇರಲಿಲ್ಲ. ಅಪ್ಪಣೆಯಿಲ್ಲದೆ ಹೊರಟವನು ತನ್ನ ನಾಡಿನೊಳಗೆ ಕಾಲಿಡುವ ಮುನ್ನ ಖೋತಾನದಿಂದ ಚಕ್ರವರ್ತಿಗೆ ವಿಜ್ಞಾಪನೆ ಕಳುಹಿಸಿ, ಉತ್ತರಕ್ಕಾಗಿ ತಿಂಗಳುಗಟ್ಟಲೆ ಕಾದನು. 645ರಲ್ಲಿ 657 ಗ್ರಂಥಗಳೊಡನೆ ರಾಜಧಾನಿಯನ್ನು ಸೇರಿದನು.

ಗಡಿಯ ನಿಯಮ ನಿಷ್ಕಾರಣವಲ್ಲ. ಮನೆಗೆ ಬಾಗಿಲಿರುವಂತೆ ನಾಡಿಗೂ ಬಾಗಿಲುಂಟು. ಒಳಬಂದವರಾರೆಂದು ತಿಳಿಯುವ ಹಕ್ಕು ಮನೆಯವರಿಗಿದೆ. ಇಂದು ಓದಿಗಾಗಿಯೋ ನೋಟಕ್ಕಾಗಿಯೋ ಹೊರನಾಡಿಗೆ ಹೋಗುವ ತರುಣರು ಗಡುವಿನ ದಿನವನ್ನು ಮರೆಯಲಾಗದು. 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಮುಖದ ಚಿತ್ರವನ್ನೂ ಬೆರಳಚ್ಚನ್ನೂ ಯಂತ್ರವೇ ನೆನಪಿಡತೊಡಗಿದೆ. ಕತ್ತಲೆಯಲ್ಲಿ ನುಸುಳುವ ಕಾಲ ಅದಲ್ಲ. ಗಡುವು ಮುಗಿಯುವ ಮೊದಲೇ ಕಚೇರಿಗೆ ಹೋಗಿ ನಿಜವನ್ನು ಹೇಳಿ ಕೇಳುವುದೇ ವಿವೇಕ. ಕೇಳಿದರೆ ಕೆಲವೊಮ್ಮೆ ಹತ್ತು ದಿನ ಹೆಚ್ಚು ದೊರೆತೀತು. ಮತ್ತೆ ಬರುತ್ತೇನೆಂದು ಆತಿಥ್ಯ ಕೊಟ್ಟವರಿಗೆ ಆಡಿದ ಮಾತಿಗೆ ಮಾತ್ರ ಗಡುವನ್ನು ಬೆಳೆಸಿಕೊಡುವ ಕಚೇರಿ ಯಾವ ನಾಡಿನಲ್ಲಿಯೂ ಇಲ್ಲ.